ರಾಘು ಮಾಮನ ವ್ಯಾನಿನ ಆಕಾಶ

ಗಾಳಿಯಾಡದ ವ್ಯಾನಿನಲ್ಲಿ ಮಕ್ಕಳನ್ನು ತುಂಬಿ ಶಾಲೆಗೆ ಒಯ್ಯುವುದು ತಪ್ಪು. ಅದು ಅಂದೂ ತಪ್ಪೇ.

ಇವತ್ತು ಚೆನ್ನೈನ ಕೋಡಂಬಾಕ್ಕಂನ ಗ್ಯಾರೇಜೊಂದರಲ್ಲಿ ಹಳೆಯ ಕಾರಿನ ನೆತ್ತಿ ಕೊಯ್ದು ಸನ್‌ರೂಫ್ ಕೂರಿಸುತ್ತಿದ್ದರು. ಸುಟ್ಟ ಬಣ್ಣ, ರಬ್ಬರ್ ಗೋಂದಿನ ವಾಸನೆ ಮೂಗಿಗೆ ಬಡಿದದ್ದೇ ರಾಘು ಮಾಮ ನೆನಪಾದರು.

ನಾವು ಚಿಕ್ಕವರಿದ್ದಾಗ ಮಾಮ ನಮ್ಮ ಶಾಲೆಯ ವ್ಯಾನ್ ಓಡಿಸುತ್ತಿದ್ದರು. ಅದರ ಹಿಂದಿನ ಕಿಟಕಿಗಳು ತೆರೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಉಬ್ಬಸವಿದ್ದ ನನ್ನ ತಂಗಿ ವೈದೇಹಿ ಒಳಗೇ ಎಚ್ಚರ ತಪ್ಪಿದಳು. ಮರುದಿನವೇ ಮಾಮ ವ್ಯಾನನ್ನು ಟಿಂಕರ್ ಸೆಲ್ವಂ ಬಳಿ ನಿಲ್ಲಿಸಿ, ಗಾಳಿಗೆ ಮೇಲೊಂದು ಗಾಜಿನ ಬಾಗಿಲು ಬೇಕೆಂದರು.

"ಹಳೇ ವಂಡಿಗೆ ಇದೆಲ್ಲಾ ಯಾಕೆ ಸಾರ್?" ಎಂದ ಸೆಲ್ವಂ.

"ವಂಡಿ ಹಳೇದಪ್ಪಾ. ಒಳಗೆ ಕೂರೋರು ಮಕ್ಕಳು."

ಸೆಲ್ವಂ ತಗಡು ಕೊಯ್ದು ಗಾಜು ಕೂರಿಸಿದ. ಯಾರೂ ತಲೆ ಹೊರಗೆ ಹಾಕದಂತೆ ಕೆಳಗೆ ಜಾಲರಿ ಬಿಗಿದ. ಮಾಮ ಒಗೆದ ಬಿಳಿ ಅಂಗಿ ತೊಟ್ಟು ಅದರಡಿ ಕೂತು, "ಸೋರುತ್ತಾ ನೋಡೋಣ, ಈಗ ಗಾಜಿನ ಮೇಲೆ ನೀರು ಹುಯ್ಯಿ" ಎಂದರು. ಎರಡು ಸಲ ತೊಯ್ದು ಇಳಿದರು.

"ಮನೇಲಿ ನೀರು ಬರಲ್ವಾ ಸಾರ್, ಇಲ್ಲೇ ಸ್ನಾನಾನಾ?" ಎನ್ನುತ್ತಲೇ ಸೆಲ್ವಂ ಮತ್ತೆ ಗೋಂದು ಬಳಿದ. ಮೂರನೆಯ ಬಕೆಟ್ಟಿಗೆ ಅಂಗಿಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಆಮೇಲಷ್ಟೇ ಮಾಮ ನಮ್ಮನ್ನು ಹತ್ತಿಸಿಕೊಂಡರು.

"ಮಾಮಾ, ವಾನಂ ತೆರಿಯುದು" ಎಂದಳು ವೈದೇಹಿ. ಆಕಾಶ ಕಂಡ ಖುಷಿ ಅವಳಿಗೆ ತಮಿಳಿನಲ್ಲೇ ಬಂತು. ಆ ವ್ಯಾನಿನಲ್ಲಿ ಅವಳು ಮತ್ತೆಂದೂ ಎಚ್ಚರ ತಪ್ಪಲಿಲ್ಲ.

ನಮ್ಮ ಬೀದಿಯ ಶಾಲಾ ವ್ಯಾನುಗಳು ಇವತ್ತಿಗೂ ಮುಚ್ಚಿದ ಡಬ್ಬಿಗಳೇ. ಅವಕ್ಕೂ ಹೀಗೇ ಮೇಲೆ ಬಾಗಿಲು ಕೂರಿಸಿ ಎಂದು ಮಾಲೀಕರನ್ನು ಕೇಳಲು ಹೊರಟಿದ್ದೇವೆ, ಮಾಮನೂ ಬರುತ್ತಾರೆ. ಬಕೆಟ್ಟಿನ ಕೆಳಗೆ ಈ ಸಲ ನಾನು ಕೂರುತ್ತೇನೆ. ವೆಸ್ಟ್ ಮಾಂಬಲಂ ಸ್ಟೇಷನ್ ಎದುರು, ಈ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬನ್ನಿ.