ನಾಲ್ಕಡಿ ಸಮುದ್ರದಲ್ಲಿ ಇಬ್ಬರು ದೊರೆಗಳು

ಶಿಗ್ಗಾವಿಯಲ್ಲಿ ಕುಳಿತು ಸಮುದ್ರದ ನೀರು ತಯಾರಿಸುವವನು ಬಹುಶಃ ನಾನೊಬ್ಬನೇ ಇರಬೇಕು. ನಿಜವಾದ ಸಮುದ್ರ ಬೇಕಾದವರು ಘಟ್ಟ ಇಳಿದು ಅಂಕೋಲೆಯ ಕಡೆ ಹೋಗುತ್ತಾರೆ. ನಾನು ರವಿವಾರ ಬೆಳಿಗ್ಗೆ ಡ್ರಮ್ಮಿಗೆ ಫಿಲ್ಟರ್ ನೀರು ತುಂಬಿ, ಹುಬ್ಬಳ್ಳಿಯಿಂದ ತಂದ ಸಮುದ್ರದ ಉಪ್ಪು ಸುರಿದು, ಅದು ಕರಗುವ ತನಕ ಪಂಪು ಹಚ್ಚಿಟ್ಟು ಪೇಪರ್ ಓದುತ್ತೇನೆ. ಎದುರು ಮನೆಯ ನೀಲವ್ವ ಮೊದಲ ಸಲ ಇದನ್ನು ನೋಡಿದಾಗ ಬಾಗಿಲಲ್ಲೇ ನಿಂತು, "ಸರ, ಇಷ್ಟ ಉಪ್ಪಿನ್ಯಾಗ ಮಾವಿನಕಾಯಿ ಹಾಕಿದ್ರ ವರ್ಷಗಟ್ಲೆ ಬಾಳಿಕಿ ಬರ್ತಾವ ನೋಡ್ರಿ" ಎಂದಿದ್ದಳು. ಅವಳ ಮಾತು ಕೇಳಬೇಕಿತ್ತು. ನಾನು ಏಂಜೆಲ್ ಮೀನು ಹಾಕಿದೆ.

ಏಂಜೆಲ್ ಎಂದರೆ ದೇವದೂತ. ಆ ಹೆಸರಿಟ್ಟ ಪುಣ್ಯಾತ್ಮ ಮೀನಿನ ಬಣ್ಣ ನೋಡಿರಬೇಕು, ನಡತೆ ನೋಡಿರಲಿಕ್ಕಿಲ್ಲ. ನನ್ನಲ್ಲಿರುವುದು ಎಂಪರರ್ ಏಂಜೆಲ್, ಅಂದರೆ ದೇವದೂತರಲ್ಲೂ ಚಕ್ರವರ್ತಿ. ಕಡುನೀಲಿ ಮೈ, ಅದರ ಮೇಲೆ ಹಳದಿ ಗೆರೆ, ಕಣ್ಣಿಗೆ ಕಪ್ಪು ಪಟ್ಟಿ. ನೋಡುತ್ತ ಕುಳಿತರೆ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತದೆ. ಆ ಹಾಲು ಇಳಿಸಲು ಈಗ ಮನೆಯಲ್ಲಿ ಬೇರೆ ಯಾರೂ ಇಲ್ಲ.

ಇದ್ದವಳು ಅಕ್ಕ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ವಯಸ್ಸು ಐವತ್ತೆರಡು, ಮದುವೆ ಆಗಲಿಲ್ಲ. ಗಿರಿಜಕ್ಕ ನನಗಿಂತ ಐದು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ನನ್ನ ಜೊತೆ ಇದ್ದಳು. ಈ ಮೀನಿನ ತೊಟ್ಟಿ ಬಂದಾಗ ನಮ್ಮಿಬ್ಬರಲ್ಲಿ ಮಾತಿಗೆ ಮಾತು ಬೆಳೆಯಿತು. "ಅಬಲೂರಿಗೆ ಹೋಗಿ ಎಂಟು ದಿನ ಇದ್ದು ಬರ್ತೇನಿ" ಎಂದು ಗಂಡನ ಮನೆಗೆ ಹೋದಳು. ಎಂಟು ದಿನ ಹೋಗಿ ಎಂಟು ತಿಂಗಳಾಯಿತು. ಹೋದವಳು ತಾನೇ ಬರಲಿ ಎಂದು ನಾನು, ಅವನೇ ಕರೆಯಲಿ ಎಂದು ಅವಳು. ವಾರಕ್ಕೊಮ್ಮೆ ಫೋನಿನಲ್ಲಿ "ಊಟ ಆತು?" "ಆತು, ನಿಂದು?" "ಆತು" ಎಂದು ಇಬ್ಬರೂ ಪರಸ್ಪರ ಹೊಟ್ಟೆಯ ಕ್ಷೇಮ ಕೇಳಿ ಇಟ್ಟುಬಿಡುತ್ತಿದ್ದೆವು. ಹೊಟ್ಟೆಯ ಮೇಲಿನ ಗೇಣುದ್ದದ ಜಾಗದ ಸುದ್ದಿ ಇಬ್ಬರೂ ಎತ್ತಲಿಲ್ಲ.

ನಮ್ಮ ಕಡೆ ಒಂಟಿ ಅನ್ನುವುದು ಯಾರಿಗೂ ಒಗ್ಗುವುದಿಲ್ಲ. ತಾಟಿಗೆ ಒಂದೇ ರೊಟ್ಟಿ ಬಡಿಸುವುದಿಲ್ಲ. ಸಾಕು ಎಂದು ಕೈ ಅಡ್ಡ ಹಿಡಿದರೆ ಇನ್ನೊಂದನ್ನು ಮುರಿದು ಅರ್ಧವಾದರೂ ಹಾಕುತ್ತಾರೆ. ಸವಣೂರಿನ ವೀಳ್ಯದೆಲೆಯನ್ನು ಯಾರೂ ಒಂದೇ ಒಂದು ಎತ್ತಿ ಕೈಗೆ ಕೊಡುವುದಿಲ್ಲ. ಇಂಥ ಸೀಮೆಯಲ್ಲಿ ನಾನೂ ಒಬ್ಬ, ನನ್ನ ಮೀನೂ ಒಂದು. ಸವಣೂರಿನ ಮಕಬೂಲಸಾಬರು ಬಂದಾಗಲೆಲ್ಲ ಅದನ್ನು ನೋಡಿ ಚುಕ್ ಚುಕ್ ಎನ್ನುತ್ತಿದ್ದರು. ಅವರದು ಗಪ್ಪಿ, ಗೋಲ್ಡ್‌ಫಿಶ್ ಮಾರುವ ಸಣ್ಣ ಅಂಗಡಿ. ನನ್ನ ಒಬ್ಬನ ಸಲುವಾಗಿ ಹುಬ್ಬಳ್ಳಿಯಿಂದ ಸಮುದ್ರದ ಮೀನು ತರಿಸಿಕೊಟ್ಟವರು ಅವರೇ. "ಒಂಟಿ ಜೀವ ಮನ್ಯಾಗ ಇಡಬಾರದ್ರಿ ಸರ. ಪಾಪ, ಮಾರಿ ನೋಡ್ರಿ ಹೆಂಗ ಸಣ್ಣ ಮಾಡ್ಕೊಂಡೈತಿ. ಜೋಡಿ ಮಾಡ್ರಿ" ಎಂದರು. ಒಂದು ತೊಟ್ಟಿಯಲ್ಲಿ ಇಂಥವು ಎರಡು ಇರಬಾರದು ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದನ್ನು ರೊಟ್ಟಿಯ ನ್ಯಾಯ ಸೋಲಿಸಿತು. ನಿಜ ಹೇಳಬೇಕೆಂದರೆ, ಅವರು "ಒಂಟಿ ಜೀವ" ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ಮೀನಲ್ಲ.

ಎರಡನೆಯ ಚಕ್ರವರ್ತಿ ಬಂದ. ಮೊದಲನೆಯವನಷ್ಟೇ ಉದ್ದ, ಅಷ್ಟೇ ಚೆಲುವ. ನೀರಿಗೆ ಬಿಟ್ಟು ಐದು ನಿಮಿಷವಾಗಿರಲಿಲ್ಲ, ಹಳೆಯವನು ಕಲ್ಲಿನ ಗವಿಯಿಂದ ಹೊರಬಂದು ಅಡ್ಡ ತಿರುಗಿ ಮೈಯೆಲ್ಲ ತೋರಿಸಿದ. ನಾನು ಅದನ್ನು ಸ್ವಾಗತ ಎಂದುಕೊಂಡೆ. ಮರುಗಳಿಗೆಯಲ್ಲಿ ಹೊಸಬನ ಬಾಲದ ಅಂಚು ಹರಿದಿತ್ತು.

ಈ ಮೀನುಗಳಲ್ಲಿ ಒಂದು ಸೋಜಿಗವಿದೆ. ಮರಿಗಳ ವೇಷವೇ ಬೇರೆ. ನೀಲಿ ಮೈಮೇಲೆ ಬಿಳಿಯ ಉಂಗುರ ಉಂಗುರ, ಬೇರೆ ಜಾತಿಯೇ ಅನ್ನುವ ಹಾಗೆ. ದೊಡ್ಡವರ ಸಿಟ್ಟಿನಿಂದ ತಪ್ಪಿಸಿಕೊಳ್ಳಲು ಈ ಏರ್ಪಾಡು ಎಂದು ಬಲ್ಲವರು ಹೇಳುತ್ತಾರೆ. ಬೆಳೆದು ಹಿರಿಯರ ಬಣ್ಣ ಬಂದ ದಿನ ಹಿರಿಯರ ಏಟೂ ಶುರುವಾಗುತ್ತದೆ. ಸಮುದ್ರದಲ್ಲಾದರೆ ಒಬ್ಬೊಬ್ಬನಿಗೆ ಬಯಲಿನಷ್ಟು ಜಾಗ, ಸೋತವನು ಓಡಿ ಹೋಗಬಹುದು. ನನ್ನ ಸಮುದ್ರದ ಉದ್ದ ನಾಲ್ಕಡಿ. ಹಾನಗಲ್ಲಿನ ಸುತ್ತ ಹೋದರೆ ದನದ ಸಲುವಾಗಿ, ಗಡಿಯ ಸಲುವಾಗಿ ಸತ್ತವರ ವೀರಗಲ್ಲುಗಳು ಕಾಣುತ್ತವೆ. ಅವುಗಳ ಮುಂದೆ ನಿಂತಾಗ, ಒಂದು ತುಂಡು ಜಾಗಕ್ಕೆ ಇಷ್ಟೊಂದು ಯಾಕೆ ಎಂದು ನಾನು ಮಕ್ಕಳಿಗೆ ತತ್ವ ಹೇಳಿದ್ದೇನೆ. ಆಗ ಅಕ್ಕ ಇನ್ನೂ ಮನೆಯಲ್ಲಿದ್ದಳು.

ಪುಸ್ತಕದ ಉಪಾಯ ಒಂದೊಂದಾಗಿ ಮಾಡಿದೆ. ತೊಟ್ಟಿಯ ನಡುವೆ ಪ್ಲಾಸ್ಟಿಕ್ ಜಾಳಿಗೆ ನಿಲ್ಲಿಸಿ ಇಬ್ಬರನ್ನೂ ಬೇರೆ ಮಾಡಿದೆ. ಮೂರು ವಾರ ಇಬ್ಬರೂ ಜಾಳಿಗೆಗೆ ಅಂಟಿಕೊಂಡು ಅತ್ತಿಂದಿತ್ತ ಓಡಾಡಿದರು. ಪೈಪೋಟಿಯಲ್ಲಿ ಚೆನ್ನಾಗಿ ತಿಂದರು, ಬಣ್ಣವೂ ಏರಿತು. ಮುಂದಿನ ಉಪಾಯ ಜಾಣತನದ್ದು. ಕಲ್ಲುಗಳನ್ನೆಲ್ಲ ಕಿತ್ತು ಬೇರೆ ರೀತಿ ಜೋಡಿಸಬೇಕು. ಆಗ ಹಳೆಯವನಿಗೂ ತನ್ನ ಮನೆ ಯಾವುದೆಂದು ತಿಳಿಯುವುದಿಲ್ಲ, ಹೊಸಬನೊಂದಿಗೆ ಅವನೂ ಹೊಸಬನಾಗುತ್ತಾನೆ. ಹಾಗೇ ಮಾಡಿ ಜಾಳಿಗೆ ತೆಗೆದೆ. ಎರಡು ದಿನ ಇಬ್ಬರೂ ಬೀಗರ ಮನೆಗೆ ಬಂದವರಂತೆ ಸಂಕೋಚದಿಂದ ಇದ್ದರು. ಮೂರನೆಯ ದಿನ ಹಳೆಯವನು ಒಂದು ಹೊಸ ಮೂಲೆ ಹಿಡಿದ, ನಾಲ್ಕನೆಯ ದಿನ ಅಲ್ಲಿಂದಲೇ ಉಳಿದ ಮೂರು ಮೂಲೆಗಳನ್ನೂ ಆಳತೊಡಗಿದ. ಹೊಸಬ ಪಂಪಿನ ಹಿಂದೆ ಸೇರಿ ಊಟ ಬಿಟ್ಟ. ಕೊನೆಗೆ ಮಕಬೂಲಸಾಬರು ಬಂದು ಅವನನ್ನು ದೊಡ್ಡ ತೊಟ್ಟಿ ಇದ್ದ ಹುಬ್ಬಳ್ಳಿಯವರೊಬ್ಬರಿಗೆ ಒಯ್ದು ಕೊಟ್ಟರು.

ಗೆದ್ದವನು ಇನ್ನು ಹಾಯಾಗಿರುತ್ತಾನೆ ಎಂದುಕೊಂಡೆ. ಅವನು ಮಾರನೆಯ ದಿನದಿಂದ ತೊಟ್ಟಿಯ ನಡುವಿಗೆ, ಜಾಳಿಗೆ ಇದ್ದ ಜಾಗಕ್ಕೆ ಬಂದು ಅತ್ತಿಂದಿತ್ತ ತಿರುಗತೊಡಗಿದ. ಹಾಕಿದ ತಿನಿಸಿನಲ್ಲಿ ಅರ್ಧ ತಳಕ್ಕಿಳಿದು ಕೊಳೆಯಿತು. ಮೀನು ಯಾರನ್ನೂ ನೆನೆಯುವುದಿಲ್ಲ, ಇದು ಬರಿ ರೂಢಿ ಎಂದು ವಿಜ್ಞಾನದ ಮಾಸ್ತರ ನನಗೆ ಹೇಳಿದ. ಆ ಮಾಸ್ತರನೇ ದಿನಾ ಸಂಜೆ ಏಳಕ್ಕೆ, ಅಕ್ಕ ಧಾರಾವಾಹಿ ನೋಡುತ್ತಿದ್ದ ಹೊತ್ತಿಗೆ, ರಿಮೋಟ್ ಕೆಳಗಿಟ್ಟು ಒಳಗೆ ಹೋಗುತ್ತಾನೆ. ತಡವಾಗಿ ಮನೆಗೆ ಬಂದರೆ ಬಸ್ಸು ಸಿಗಲಿಲ್ಲ ಎಂದು ಖಾಲಿ ಪಡಸಾಲೆಗೆ ಕಾರಣ ಕೊಡುತ್ತಾನೆ. ಜಗಳಾಡಲು ಯಾರೂ ಇಲ್ಲದ ಮನೆ ಎಷ್ಟು ನಿಶ್ಶಬ್ದವಾಗಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಅವಳಿಲ್ಲದೆ ಸೊರಗಿದ್ದೆ.

ಇಲ್ಲಿಯ ತನಕ ನಾನು ಜಾಣತನದಿಂದ ಹೇಳದೆ ಉಳಿಸಿಕೊಂಡ ಒಂದು ಸಂಗತಿ ಇದೆ. ತೊಟ್ಟಿ ಇಟ್ಟದ್ದು ಪಡಸಾಲೆಯ ಕಿಟಕಿಯ ಕೆಳಗೆ. ಅದು ಅಕ್ಕ ಮಧ್ಯಾಹ್ನ ಕೂಡುವ ಜಾಗ. ಸೊಪ್ಪು ಸೋಸುವುದು, ಬೀದಿಯವರನ್ನು ಮಾತಾಡಿಸುವುದು, ತೂಕಡಿಸುವುದು ಎಲ್ಲ ಅಲ್ಲೇ. ಬಿಸಿಲು ಬಿದ್ದರೆ ತೊಟ್ಟಿಯಲ್ಲಿ ಪಾಚಿ ಕಟ್ಟುತ್ತದೆ ಎಂದು ಆ ಕಿಟಕಿಯನ್ನೂ ಮುಚ್ಚಿಸಿದೆ. ಕೇಳಿ ಇಡಲಿಲ್ಲ, ಅವಳು ಪೇಟೆಗೆ ಹೋದಾಗ ಇಟ್ಟೆ. ಅವಳು ಸಿಟ್ಟು ಮಾಡಿದಾಗ, "ಮನಿ ನನ್ನ ಹೆಸರಿಲೆ ಐತಿ" ಎಂದೂ ಅಂದೆ. ಬಾಲ ಹರಿಯಲು ಮೀನಿಗೆ ಹಲ್ಲಾದರೂ ಬೇಕು. ನನಗೆ ನಾಲ್ಕು ಶಬ್ದ ಸಾಕಾಗಿತ್ತು.

ಇದನ್ನು ನಾನು ಹೇಳಿಕೊಂಡದ್ದು ಮಕಬೂಲಸಾಬರ ಹತ್ತಿರ. ಅವರು ನನ್ನ ಪಂಪು ಬಿಚ್ಚಿ ತೊಳೆಯುತ್ತ ಕೇಳಿದರು. "ನಾವು ನಾಕು ಮಂದಿ ಅಣ್ತಮ್ಮರು, ಒಂದ ಅಡಗಿಮನಿ. ದಿನಾ ಒಂದಿಲ್ಲೊಂದು ತಂಟೆ ಇದ್ದದ್ದ. ಆದ್ರ ಉಣ್ಣಾಕ ಎಲ್ಲಾರೂ ಒಂದ ದೊಡ್ಡ ತಾಟಿನ ಸುತ್ತ ಕುಂಡ್ರತೇವಿ. ಯಾರ್ದು ತಪ್ಪೈತಿ ಅವ್ನ ಎದ್ದು ಹೋಗಿ ಇನ್ನೊಬ್ಬನ್ನ ಕರಕೊಂಡು ಬರಬೇಕು. ಅಲ್ಲೀತನಕ ನಮ್ಮವ್ವ ತಾಟಿಗೆ ಅನ್ನ ಹಾಕೂದಿಲ್ರಿ" ಎಂದರು. ಹಟ ಹಿಡಿದರೆ ಎಂದು ಕೇಳಿದೆ. "ಎಲ್ಲಾರೂ ಉಪವಾಸರಿ ಸರ. ಹಸದು ಕುಂತ ಉಳದವ್ರು ಅವನ್ನ ಸುಮ್ನ ಬಿಡ್ತಾರೇನ್ರಿ?" ಎಂದು ನಕ್ಕರು. ನಾನು ಎಂಟು ತಿಂಗಳು "ಆತು" ಎಂದು ಹೇಳಿದ ಊಟಗಳು ನೆನಪಾಗಿ ತಲೆ ತಗ್ಗಿಸಿದೆ.

ಆ ರವಿವಾರ ಇಬ್ಬರೂ ಸೇರಿ ಸಮುದ್ರವನ್ನು ಬಕೆಟ್ಟಿಗೆ ತುಂಬಿ ನನ್ನ ಮಲಗುವ ಕೋಣೆಗೆ ಸಾಗಿಸಿದೆವು. ಮಂಚ ಹೊರಗೆ ಬಂತು. ಸಂಜೆ ಸಾಬರು ಹೋದ ಮೇಲೆ ಅಬಲೂರಿಗೆ ಫೋನ್ ಹಚ್ಚಿದೆ. ಅಂದು ವಾರದ ಫೋನಿನ ದಿನವಲ್ಲ. ಅಕ್ಕ ಗಾಬರಿಯಾಗಿ, "ಯಾಕೋ, ಆರಾಮ ಅದೀ ಇಲ್ಲೋ?" ಎಂದಳು.

"ಆರಾಮ ಇಲ್ಲ ಅಕ್ಕಾ. ಊಟ ಸೇರವಲ್ದು. ತಪ್ಪ ನಂದು. ನೀ ಬಾ" ಎಂದೆ.

ಅಕ್ಕ ಬೈಯಲು ಶುರು ಮಾಡಿದಳು. ನಾನು ಅಂದ ನಾಲ್ಕು ಶಬ್ದಗಳಿಂದ ಹಿಡಿದು, ಸಣ್ಣವನಿದ್ದಾಗ ಅವಳ ಪಾಟಿ ಒಡೆದದ್ದರ ತನಕ, ಒಂದೂ ಬಿಡದೆ. ನಾನು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತು ಎಲ್ಲಕ್ಕೂ ಹೂಂ ಎಂದೆ. ಎಂಟು ತಿಂಗಳಲ್ಲಿ ಆ ಮನೆಯೊಳಗೆ ಇಷ್ಟು ಮಾತು ಕೇಳಿರಲಿಲ್ಲ. ಮೊಬೈಲು ಕಿವಿ ಸುಡುವಷ್ಟು ಬಿಸಿಯಾಯಿತು, ಆದರೂ ಕಿವಿ ಬದಲಿಸಲಿಲ್ಲ. ಕೊನೆಗೆ ಅವಳಿಗೇ ದಣಿವಾಗಿ ಉಸಿರು ತೆಗೆದುಕೊಂಡಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

"ಇನ್ನೂ ಭಾಳ ಐತಿ," ಎಂದಳು. "ಉಳದದ್ದು ನಾಳಿಗೆ ಅಲ್ಲೇ ಬಂದು ಬೈತೇನಿ. ಫೋನ್ ಇಡು."