ಸಾಹೇಬರ ಲಾಗಿನ್

ಬೀರುವಿನ ಕೆಳಗಿನ ಖಾನೆ ಖಾಲಿ ಮಾಡುತ್ತಿದ್ದಾಗ ಹಳೆಯ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಬ್ರಷ್ ಸಿಕ್ಕಿತು. ಅಂಗಡಿಯದ್ದಲ್ಲ. ತೆಂಗಿನ ನಾರನ್ನು ಬಡಿದು, ಹೆಬ್ಬೆರಳಿನಷ್ಟು ದಪ್ಪಕ್ಕೆ ಸೇರಿಸಿ, ಕೆಂಪು ದಾರದಿಂದ ಬಿಗಿಯಾಗಿ ಸುತ್ತಿದ್ದು. ಮೂಗಿನ ಹತ್ತಿರ ಹಿಡಿದೆ. ನಾರಿನ ಒಣ ವಾಸನೆ, ಅದರ ಹಿಂದೆ ಎಲ್ಲೋ ಅತ್ತರು... ಅತ್ತರು ಇಷ್ಟು ವರ್ಷ ಉಳಿಯುವುದಿಲ್ಲ ಎಂದು ನನಗೂ ಗೊತ್ತು. ಆದರೂ ಬಂತು.

ಅದು ಗುಬ್ಬಿಯ ಕಾಲೇಜೊಂದರಲ್ಲಿ, ದಿನಾ ಅತ್ತರು ಹಚ್ಚಿಕೊಂಡು ಬರುತ್ತಿದ್ದ ಲ್ಯಾಬ್ ಅಟೆಂಡರ್ ಕಟ್ಟಿದ ಬ್ರಷ್. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ನಾನು ಅಲ್ಲಿ ಅತಿಥಿ ಉಪನ್ಯಾಸಕಿ. ಮುಂದಿನ ವರ್ಷ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಪ್ರತಿ ಬೇಸಿಗೆಯಲ್ಲೂ ಕಾಯುವ ಅತಿಥಿ. ತುಮಕೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಎಂ.ಎಸ್ಸಿ.ಯಲ್ಲಿ ಲಿನಕ್ಸ್ ಬಗ್ಗೆ ಪುಟಗಟ್ಟಲೆ ಉತ್ತರ ಉರು ಹೊಡೆದು ಬರೆದಿದ್ದೆ, ಕೈಯಾರೆ ಕಮಾಂಡ್ ಕೊಟ್ಟಿದ್ದು ಕಡಿಮೆ. ಆ ವರ್ಷ ಲ್ಯಾಬಿನ ಹಳೇ ಸಿಸ್ಟಮ್ಮುಗಳಿಗೆಲ್ಲ ಲಿನಕ್ಸ್ ಹಾಕಿಸಿ, ಆ ಪೇಪರನ್ನು ನನ್ನ ತಲೆಗೆ ಕಟ್ಟಿದರು. ಮೊದಲ ದಿನ ಕಪ್ಪು ಪರದೆಯ ಮೇಲೆ ಒಂದು ಬಿಳಿ ಗೆರೆ ಮಿಣುಕುತ್ತಾ ಕೂತಿತ್ತು. ಅದರ ಎದುರು ನಾನೂ ಕೂತಿದ್ದೆ.

ಸಾಹೇಬರು ಮೊದಲು ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದವರು. ಓದಿದ್ದು ಏಳನೇ ಕ್ಲಾಸು, ಕನ್ನಡ ಮೀಡಿಯಂ. ಲಿನಕ್ಸ್ ಹಾಕಲು ಬಂದ ಟೆಕ್ನಿಷಿಯನ್ ಪಕ್ಕದಲ್ಲಿ ಎರಡು ದಿನ ಸ್ಟೂಲು ಹಾಕಿಕೊಂಡು ಕೂತು, ಕಂಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡಿದ್ದರು. ಎಲ್ ಎಸ್ ಅಂದರೆ ಇಲ್ಲಿ ಏನೇನಿದೆ ತೋರಿಸು. ಸಿ ಡಿ ಅಂದರೆ ಆ ಕೋಣೆಗೆ ಹೋಗು; ಫೋಲ್ಡರಿಗೆ ಅವರು ಕೋಣೆ ಎನ್ನುತ್ತಿದ್ದರು. ಸಿ ಪಿ ಅಂದರೆ ಇನ್ನೊಂದು ನಕಲು ಮಾಡು. ಆರ್ ಎಂ ಅಂದರೆ ಅಳಿಸು. ಅದರ ಮುಂದೆ ಮಾತ್ರ ಕೆಂಪು ಪೆನ್ನಿನಲ್ಲಿ ‘ವಾಪಸ್ ಬರಲ್ಲ’ ಎಂದಿತ್ತು. ಎಲ್ಲಕ್ಕಿಂತ ಮೇಲೆ ಪಿ ಡಬ್ಲ್ಯು ಡಿ. ರಸ್ತೆ ಗುಂಡಿ ಮುಚ್ಚದ ಇಲಾಖೆ ಎಂದು ವಿದ್ಯಾರ್ಥಿಗಳು ನಗುತ್ತಿದ್ದರು. ಸಾಹೇಬರ ನೋಟ್‌ಬುಕ್ಕಿನ ಪ್ರಕಾರ ಅದರರ್ಥ, ನಾನೀಗ ಯಾವ ಕೋಣೆಯಲ್ಲಿ ನಿಂತಿದ್ದೀನಿ.

"ಏನ್ ಮಾಡೋಕೂ ಮುಂಚೆ ಎಲ್ಲಿದೀವಿ ಅಂತ ನೋಡ್ಕೋಬೇಕು ಮೇಡಂ. ಲೇತ್ ಆನ್ ಮಾಡೋಕ್ ಮುಂಚೆ ಕೈ ಎಲ್ಲೈತೆ ಅಂತ ನೋಡ್ಕೊಳ್ಳಲ್ವಾ, ಹಂಗೆ," ಎಂದಿದ್ದರು. ಅವರ ಎಡಗೈಯ ಕಿರುಬೆರಳು ಅರ್ಧವೇ ಇತ್ತು.

ಕ್ಲಾಸಿಗೆ ಒಂದು ಗಂಟೆ ಮುಂಚೆ ಬಂದರೆ ನನಗೆ ಪಾಠ. ಲೆಕ್ಚರರ್ ಅಟೆಂಡರ್ ಹತ್ತಿರ ಕಲಿಯುತ್ತಾಳೆ ಎಂದು ಗೊತ್ತಾದರೆ ನನ್ನ ಮರ್ಯಾದೆ ಏನಾಗಬೇಕು? ಅದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಅವರೇ ಅರ್ಥ ಮಾಡಿಕೊಂಡಿದ್ದರು. ಕಾರಿಡಾರಿನಲ್ಲಿ ಚಪ್ಪಲಿ ಸದ್ದು ಕೇಳಿದ ಕೂಡಲೇ ಎದ್ದು, ಈ ಬ್ರಷ್ ತೆಗೆದುಕೊಂಡು ಕೀಬೋರ್ಡ್ ಉಜ್ಜಲು ಶುರು ಮಾಡುತ್ತಿದ್ದರು. ಕ್ಲಾಸಿನಲ್ಲೂ ಅಷ್ಟೆ. ನಾನು ಕಮಾಂಡ್ ಮರೆತು ಗಂಟಲು ಸರಿಮಾಡಿಕೊಳ್ಳುತ್ತಾ ನಿಂತರೆ, ಧೂಳು ಹೊಡೆಯುವವರಂತೆ ಹತ್ತಿರ ಬಂದು ಪಕ್ಕದ ಕೀಬೋರ್ಡಿನ ಎಲ್ ಮೇಲೆ ಒಂದು ಸಲ, ಎಸ್ ಮೇಲೆ ಒಂದು ಸಲ ಬ್ರಷ್ ಆಡಿಸಿ ಮುಂದೆ ಹೋಗುತ್ತಿದ್ದರು. ಆ ವರ್ಷ ನನಗೆ ಒಳ್ಳೇ ಟೀಚರ್ ಎಂಬ ಹೆಸರು ಬಂತು.

ಒಬ್ಬಳೇ ಅಭ್ಯಾಸ ಮಾಡಲಿ ಎಂದು ಅವರ ಲಾಗಿನ್ನಿನ ಪಾಸ್‌ವರ್ಡ್ ಕೊಟ್ಟಿದ್ದರು. ಲ್ಯಾಬಿನ ಎಲ್ಲ ಫೈಲುಗಳ ಮೇಲೂ ಆ ಲಾಗಿನ್ನಿಗೆ ಅಧಿಕಾರವಿತ್ತು.

ಪ್ರಾಕ್ಟಿಕಲ್ ಪರೀಕ್ಷೆ ಸೋಮವಾರ ಇತ್ತು. ಹಿಂದಿನ ಶುಕ್ರವಾರ ಮಧ್ಯಾಹ್ನ ಸಾಹೇಬರು ನಮಾಜಿಗೆ ಹೋಗಿದ್ದಾಗ, ನನ್ನ ಅಭ್ಯಾಸದ ಕಸವನ್ನೆಲ್ಲ ಅಳಿಸಿಬಿಡೋಣ ಎಂದು ಕೂತೆ. ಆ ಹೊತ್ತಿಗೆ ಕೈ ಪಳಗಿತ್ತು, ಸ್ವಲ್ಪ ಜಂಬವೂ ಬಂದಿತ್ತು. ಆರ್ ಎಂ ಹೊಡೆದು, ಇಲ್ಲಿರುವುದೆಲ್ಲ ಎಂಬ ಅರ್ಥದ ನಕ್ಷತ್ರದ ಗುರುತು ಹಾಕಿ, ಎಂಟರ್ ಒತ್ತಿದೆ. ಕಪ್ಪು ಪರದೆ ಏನೂ ಹೇಳಲಿಲ್ಲ. ಬಿಳಿ ಗೆರೆ ಮತ್ತೆ ಮಿಣುಕಿತು, ಅಷ್ಟೆ. ಆಮೇಲೆ ಯಾಕೋ ಅನುಮಾನ ಬಂದು ಪಿ ಡಬ್ಲ್ಯು ಡಿ ಹೊಡೆದೆ. ನಾನು ನಿಂತಿದ್ದು ನನ್ನ ಕಸದ ಕೋಣೆಯಲ್ಲಿ ಅಲ್ಲ. ವಿದ್ಯಾರ್ಥಿಗಳು ಪರೀಕ್ಷೆಗೆ ತೋರಿಸಬೇಕಿದ್ದ ಪ್ರೋಗ್ರಾಮುಗಳ ಕೋಣೆಯಲ್ಲಿ.

ಸಾಹೇಬರು ವಾಪಸ್ ಬಂದಾಗ ನನ್ನ ಮುಖ ನೋಡಿ ಪರದೆ ನೋಡಿದರು. "ಎಲ್ಲಿದೀನಿ ಅಂತ ನೋಡ್ಕೊಳ್ಳಿಲ್ವಾ ಮೇಡಂ?" ಎಂದರು. ಬೈಯಲಿಲ್ಲ. ಅವರು ಪ್ರತಿ ಶನಿವಾರ ಎಲ್ಲವನ್ನೂ ಮೂಲೆಯ ಹಳೇ ಸಿಸ್ಟಮ್ಮಿಗೆ ನಕಲು ಮಾಡಿಡುತ್ತಿದ್ದರು. ಹಿಂದಿನ ಶನಿವಾರದವರೆಗಿನದು ಸಿಕ್ಕಿತು. ಆ ವಾರದ ಕೆಲಸವನ್ನು ವಿದ್ಯಾರ್ಥಿಗಳು ಶನಿವಾರವಿಡೀ ಕೂತು, ಗೊಣಗಿಕೊಂಡು ಮತ್ತೆ ಟೈಪ್ ಮಾಡಿದರು.

ವಿಷಯ ವಿಭಾಗದ ಮುಖ್ಯಸ್ಥರಿಗೆ ಮುಟ್ಟಿತು. ಅವರು ಬಂದು ಹಿಸ್ಟರಿ ಎಂಬ ಕಮಾಂಡ್ ಕೊಟ್ಟರು. ಆ ಲಾಗಿನ್ನಿನಿಂದ ಹೊಡೆದ ಕಮಾಂಡುಗಳೆಲ್ಲ ಸಾಲಾಗಿ ಇಳಿದವು, ನನ್ನದೂ ಬಂತು. ಯಾರ ಲಾಗಿನ್ ಇದು ಎಂದು ಕೇಳಿದರು.

"ನಂದೇ ಸಾರ್," ಎಂದರು ಸಾಹೇಬರು. ಅದು ಸುಳ್ಳಲ್ಲ.

ಮುಖ್ಯಸ್ಥರು ನನ್ನ ಕಡೆ ತಿರುಗಿ, ನೀವು ಶುಕ್ರವಾರ ಇಲ್ಲಿದ್ರಾ ಎಂದರು.

"ಸ್ಟಾಫ್ ರೂಮಲ್ಲಿದ್ದೆ ಸರ್," ಎಂದೆ.

ಆ ಹಿಸ್ಟರಿಯಲ್ಲಿ ಸಾಲುಗಳಿದ್ದವು, ಸಮಯ ಇರಲಿಲ್ಲ. ಇದ್ದಿದ್ದರೆ ಶುಕ್ರವಾರದ ಆ ಹೊತ್ತಿನಲ್ಲಿ ಸಾಹೇಬರು ಮಸೀದಿಯಲ್ಲಿರುತ್ತಾರೆ ಎಂದು ಯಾರಿಗಾದರೂ ಹೊಳೆಯುತ್ತಿತ್ತು. ಅವರು ಅದನ್ನು ಹೇಳಬಹುದಿತ್ತು. ಒಂದು ಸಲ ನನ್ನನ್ನು ನೋಡಿದರು... ನಾನು ಕೀಬೋರ್ಡ್ ನೋಡುತ್ತಿದ್ದೆ. ಅವರು ಬ್ರಷ್ ಎತ್ತಿಕೊಂಡು ಪಕ್ಕದ ಸಿಸ್ಟಮ್ಮಿನ ಹತ್ತಿರ ಹೋದರು.

ಪರೀಕ್ಷೆ ಮುಗಿದ ಮೇಲೆ ಅವರ ಕೈಯಿಂದ ಲ್ಯಾಬಿನ ಬೀಗದ ಕೈ ತೆಗೆದುಕೊಂಡು ಅವರನ್ನು ಆಫೀಸಿಗೆ ಹಾಕಿದರು. ಬೆಲ್ ಹೊಡೆಯುವುದು, ಫೈಲು ಹೊರುವುದು. ಹೋಗುವ ದಿನ ಬ್ರಷ್ ನನ್ನ ಮೇಜಿನ ಮೇಲಿಟ್ಟು, "ಇದು ನಿಮ್ಮತ್ರ ಇರ್ಲಿ ಮೇಡಂ, ಧೂಳ್ ಕೂರ್ತದೆ," ಎಂದರು. ಆಮೇಲೂ ಕಾರಿಡಾರಿನಲ್ಲಿ ಸಿಕ್ಕಾಗ ಊಟ ಆಯ್ತಾ ಎಂದು ಕೇಳುತ್ತಿದ್ದರು. ಲ್ಯಾಬಿನ ಬಾಗಿಲ ಹತ್ತಿರ ಮಾತ್ರ ಬರುತ್ತಿರಲಿಲ್ಲ. ನನ್ನನ್ನು ಮುಂದಿನ ವರ್ಷವೂ ಕರೆದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಈಗ ತುಮಕೂರಿನ ಇನ್ನೊಂದು ಕಾಲೇಜಿನಲ್ಲಿದ್ದೇನೆ, ಕೆಲಸ ಕಾಯಂ ಆಗಿದೆ. ಸಾಹೇಬರು ರಿಟೈರ್ ಆಗಿ ಕುಣಿಗಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಹಳೇ ವಿದ್ಯಾರ್ಥಿಯೊಬ್ಬ ಹೇಳಿದ್ದ. ಕುಣಿಗಲ್ ಎಷ್ಟು ದೂರ? ಒಂದೇ ಬಸ್ಸು, ಒಂದು ಗಂಟೆಯ ದಾರಿ. ಮೂರು ವರ್ಷ ಹೋಗಲಿಲ್ಲ. ಪುರುಸೊತ್ತಿರಲಿಲ್ಲ ಎಂದಲ್ಲ, ಮುಖ ಇರಲಿಲ್ಲ. ಆಮೇಲೆ ಅದೇ ವಿದ್ಯಾರ್ಥಿ ಫೋನ್ ಮಾಡಿ ಅವರು ತೀರಿಕೊಂಡರು ಎಂದ. ಹೌದಾ ಎಂದು ಫೋನ್ ಇಟ್ಟೆ.

ಮೊನ್ನೆ ಈ ವರ್ಷದ ಮೊದಲ ಲಿನಕ್ಸ್ ಕ್ಲಾಸಿಗೆ ಬ್ರಷ್ ತೆಗೆದುಕೊಂಡು ಹೋದೆ. ಪಿ ಡಬ್ಲ್ಯು ಡಿ ಎಂದು ಬೋರ್ಡಿನ ಮೇಲೆ ಬರೆದಾಗ ಪ್ರತಿ ವರ್ಷದಂತೆ ವಿದ್ಯಾರ್ಥಿಗಳು ನಕ್ಕರು. ಆ ದಿನ ಉಳಿದ ಪಾಠ ಮಾಡಲಿಲ್ಲ. ಸಾಹೇಬರು, ಅವರ ನೋಟ್‌ಬುಕ್ಕು, ಆ ಶುಕ್ರವಾರ, ಸ್ಟಾಫ್ ರೂಮಲ್ಲಿದ್ದೆ ಎಂದ ನನ್ನ ಮಾತು, ಎಲ್ಲ ಹೇಳಿದೆ. ಯಾರ ಮುಂದೆಯಾದರೂ ಹೇಳಿದ್ದು ಅದೇ ಮೊದಲು.

ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು. "ಆಮೇಲೆ ಅವ್ರಿಗೆ ಸಾರಿ ಕೇಳಿದ್ರಾ ಮೇಡಂ?"

"ಇಲ್ಲ," ಎಂದೆ.

ನಾನು ಬ್ರಷ್ ಹಿಡಿದುಕೊಂಡು ಲ್ಯಾಬಿನ ಮೊದಲ ಸಿಸ್ಟಮ್ಮಿನ ಹತ್ತಿರ ಹೋಗಿ ಕೀಬೋರ್ಡ್ ಉಜ್ಜಲು ಶುರು ಮಾಡಿದೆ.