ಟ್ಯಾಂಕಕ್ಕ ಕ್ಯಾಮೆರಾ ಕೊಂಡದ್ದು

ಟ್ಯಾಂಕಕ್ಕ ನೋಡಲು ಕಡ್ಡಿ, ಅವಳ ಗಂಡ ಗುಡಾಣ. ಸಂಸಾರದಲ್ಲಿ ಯಾರು ಯಾವ ಕೆಲಸ ಮಾಡಬೇಕು ಎಂಬುದನ್ನು ತೀರ್ಮಾನಿಸಿದ್ದು ಇದೊಂದೇ ಸಂಗತಿ. ಮನೆಗಳ ತಾರಸಿಯ ಮೇಲಿನ ನೀರಿನ ಟ್ಯಾಂಕು ತೊಳೆಯುವುದು ಅವರ ಕಸುಬು. ಮದುವೆಯಾದ ಹೊಸತರಲ್ಲಿ ಗಂಡನೇ ಒಮ್ಮೆ ಇಳಿಯಲು ಹೋಗಿ, ಟ್ಯಾಂಕಿನ ಬಾಯಲ್ಲಿ ಸೊಂಟದ ಹತ್ತಿರ ಸಿಕ್ಕಿಕೊಂಡ. ಅವನನ್ನು ಬಿಡಿಸಲು ಎದುರುಮನೆಯ ಬಡಗಿ, ಬಡಗಿಯ ತಮ್ಮ, ಒಂದು ಬಾಟಲಿ ಅಡುಗೆ ಎಣ್ಣೆ ಎಲ್ಲ ಬೇಕಾಯಿತು. ಅಂದಿನಿಂದ ಇಳಿಯುವುದು ಅವಳು. ಮೇಲೆ ನಿಂತು ಪಂಪು ನೋಡಿಕೊಳ್ಳುವುದು, ಬಕೆಟ್ಟು ಎಳೆಯುವುದು, ಮನೆಯವರ ಜೊತೆ ಹರಟೆ ಹೊಡೆಯುವುದು ಅವನು.

ಈ ಕೆಲಸಕ್ಕೆ ಒಂದು ದೊಡ್ಡ ಕೊರತೆ ಇತ್ತು. ಮಾಡಿದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಂದು ದಿನ ಔಷಧಿ ಅಂಗಡಿಯವರ ಮನೆಯ ಟ್ಯಾಂಕು ತೊಳೆದು, ತಲೆಯಿಂದ ಕಾಲಿನವರೆಗೆ ಪಾಚಿ ಮೆತ್ತಿಕೊಂಡು ಅವಳು ಮೇಲೆ ಬಂದಾಗ ಆ ಮನುಷ್ಯ ಕೈಕಟ್ಟಿ ನಿಂತಿದ್ದ.

“ತೊಳೆದ್ರಿ ಸರಿ. ಒಳಗೆ ಕೂತು ನಿದ್ದೆ ಮಾಡಿ ಎದ್ದು ಬಂದ್ರೂ ನಮಗೆ ಹೇಗಮ್ಮ ಗೊತ್ತಾಗ್ಬೇಕು?”

“ನಿದ್ದೆ ಮಾಡೋಕೆ ನಮ್ಮನೇಲಿ ಚಾಪೆ ಇದೆ ಸಾರ್” ಎಂದಳು. ಆದರೆ ಆ ಮಾತು ಮನಸ್ಸಿಗೆ ನಾಟಿತು. ತೊಳೆಯುವ ಮುಂಚೆ ಒಂದು, ತೊಳೆದ ಮೇಲೆ ಒಂದು ಫೋಟೊ ತೆಗೆದು ಮುಖಕ್ಕೆ ಹಿಡಿಯಬೇಕು ಎಂದು ಅಂದೇ ನಿಶ್ಚಯಿಸಿದಳು. ಮೊದಲು ಅವಳ ಫೋನಿನಲ್ಲಿ ತೆಗೆದರು. ಅದು ಕೈಜಾರಿ ಹೂಳಿನಲ್ಲಿ ಮುಳುಗಿತು. ಆಮೇಲೆ ಗಂಡನ ಫೋನು. ಅದೂ ಅದರ ಹಿಂದೆಯೇ ಹೋಯಿತು. ಇನ್ನು ಕ್ಯಾಮೆರಾ ಕೊಳ್ಳದೆ ವಿಧಿಯಿಲ್ಲ ಎಂದಾಯಿತು.

ಗಂಡನಿಗೆ ಇದಕ್ಕಿಂತ ಸಿಹಿಸುದ್ದಿ ಬೇರೆ ಇರಲಿಲ್ಲ. ಪತ್ರಿಕೆಯವರ ಕುತ್ತಿಗೆಯಲ್ಲಿ ನೇತಾಡುವ, ಉದ್ದ ಮೂತಿಯ ಡಿಎಸ್‌ಎಲ್‌ಆರ್ ಮೇಲೆ ಅವನಿಗೆ ಹಿಂದಿನಿಂದಲೂ ಕಣ್ಣು.

“ಕೊಂಡ್ರೆ ಅಂಥದ್ದೇ ಕೊಳ್ಬೇಕು ಕಣೆ. ಕುತ್ತಿಗೇಲಿ ಅದು ಇದ್ರೆ ಜನ ಮೊದಲು ಕುರ್ಚಿ ಕೊಡ್ತಾರೆ, ಆಮೇಲೆ ಯಾರು ನೀವು ಅಂತ ಕೇಳ್ತಾರೆ.”

“ನನಗೆ ಟ್ಯಾಂಕಿನೊಳಗೆ ಕುರ್ಚಿ ಯಾಕ್ರೀ?”

ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಅತ್ತೆ ತಲೆಯೆತ್ತಿ, “ಎರಡು ಫೋನು ಮುಳುಗಿಸಿದ್ದು ಸಾಲದು ಅಂತ ಈಗ ದೊಡ್ಡದನ್ನೇ ಮುಳುಗಿಸೋಕೆ ಹೊರಟ್ರಾ?” ಎಂದು ಮತ್ತೆ ಬಟ್ಟೆ ಮಡಚತೊಡಗಿದರು.

ಕ್ಯಾಮೆರಾ ಅಂಗಡಿಯವನು ಎರಡು ಕ್ಯಾಮೆರಾ ತಂದು ಗಾಜಿನ ಮೇಜಿನ ಮೇಲಿಟ್ಟ. ಒಂದು ಸೋಪಿನ ಡಬ್ಬಿಯಷ್ಟು ಚಿಕ್ಕದು, ಮೈಯೆಲ್ಲ ರಬ್ಬರು, ನಾಲ್ಕು ಮೂಲೆಗೂ ಸ್ಕ್ರೂ. ನೋಡಿ ಎನ್ನುತ್ತ ಅದನ್ನು ನೆಲಕ್ಕೆ ಎತ್ತಿಹಾಕಿದ. ಪುಟಿದು ನಿಂತಿತು. ಅದೇ ಕೈಯಲ್ಲಿ ಎತ್ತಿ, ಪಕ್ಕದ ಗಾಜಿನ ತೊಟ್ಟಿಗೆ ಬಿಟ್ಟ. ಅಲ್ಲಿದ್ದ ಮೀನುಗಳು ಇದು ದಿನದ ಹಾಡು ಎಂಬಂತೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟವು.

“ನೀರಾಗ್ಲಿ, ಧೂಳಾಗ್ಲಿ, ಏನೂ ಆಗಲ್ಲ” ಎಂದ.

“ಮತ್ತೆ ಇದು?” ಗಂಡ ದೊಡ್ಡದರ ಕಡೆ ಕೈ ಚಾಚಿದ.

“ಅಯ್ಯೋ ಸಾರ್, ಕೈ ಒರೆಸ್ಕೊಂಡು ಮುಟ್ಟಿ.”

ಟ್ಯಾಂಕಕ್ಕನ ಪಾಲಿಗೆ ವ್ಯಾಪಾರ ಅಲ್ಲಿಗೇ ಮುಗಿದಿತ್ತು. ಚಿಕ್ಕದನ್ನೇ ಕಟ್ಟಿಕೊಡಿ ಎನ್ನಬೇಕು, ಅಷ್ಟರಲ್ಲಿ ಅಂಗಡಿಯವನು, “ಒಂದ್ಸಲ ಕಣ್ಣಿಟ್ಟಾದ್ರೂ ನೋಡಿ ಮೇಡಂ” ಎಂದು ದೊಡ್ಡದನ್ನು ಅವಳ ಕೈಗೇ ಕೊಟ್ಟ. ಅವಳು ಕಿಂಡಿಗೆ ಕಣ್ಣಿಟ್ಟು ಮೂತಿಯನ್ನು ತಿರುವಿದಳು. ರಸ್ತೆಯಾಚೆಯ ಕ್ಷೌರದಂಗಡಿ ಎದ್ದು ಮುಂದೆ ಬಂತು. ಅರ್ಧ ಗಡ್ಡ ಬೋಳಿಸಿಕೊಂಡು ಕೂತವನ ಕೆನ್ನೆಯ ಮಚ್ಚೆ, ಮಚ್ಚೆಯ ಮೇಲಿನ ಒಂಟಿ ಕೂದಲು, ಅದರ ತುದಿಯಲ್ಲಿ ನಿಂತ ನೊರೆ. ಬೆಳಗಿನಿಂದ ಸಂಜೆಯವರೆಗೆ ಕತ್ತಲ ಗೋಡೆ ಉಜ್ಜುವ ಹೆಂಗಸು ಅಷ್ಟು ಬೆಳಕನ್ನು ಒಂದೇ ಕಡೆ ಎಂದೂ ನೋಡಿರಲಿಲ್ಲ. ಬಟನ್ನು ಒತ್ತಿದಳು. ಟಕ್ ಎಂಬ ಆ ಸದ್ದು ಬೆರಳಿನಿಂದ ಹೊರಟು ನೇರ ಎದೆಗೆ ಹೋಯಿತು.

“ಇದನ್ನೇ ಕೊಡಿ” ಎಂದಳು.

ಗಂಡ ಬಾಯಿ ತೆರೆದವನು ಮುಚ್ಚಲು ಮರೆತ. ಕೊನೆಗೆ ಆರಿಸಿದವಳು ತಾನೇ ಎಂದು ಅವಳಿಗೆ ಗೊತ್ತಿದ್ದುದರಿಂದ, ಮುಂದೆ ಆದದ್ದಕ್ಕೆ ಅವನನ್ನು ಬೈಯುವ ಸುಖವೂ ಅವಳಿಗೆ ಸಿಗಲಿಲ್ಲ.

ಮೊದಲ ಕೆಲಸ ನಿವೃತ್ತ ಗಣಿತದ ಮೇಷ್ಟರ ಮನೆಯಲ್ಲಿ. ಗಂಡ ಕುತ್ತಿಗೆಗೆ ಕ್ಯಾಮೆರಾ ತೂಗಿಹಾಕಿಕೊಂಡು ಮೆಟ್ಟಿಲು ಹತ್ತಿದ. ಕುರ್ಚಿಯೂ ಸಿಕ್ಕಿತು. ಮೇಷ್ಟರು ತಲೆ ಬಾಚಿಕೊಂಡೇ ಮೇಲೆ ಬಂದಿದ್ದರು, ಅವರ ಹೆಂಡತಿ ಸೀರೆ ಬದಲಾಯಿಸಿಕೊಂಡು. ಇಬ್ಬರದೂ ಜೋಡಿ ಫೋಟೊ ತೆಗೆಯುವುದರಲ್ಲಿ ಅರ್ಧ ಬೆಳಗು ಹೋಯಿತು. ಮೇಷ್ಟರು ಮಾತ್ರ ಎಷ್ಟು ಹೇಳಿದರೂ ತುಟಿ ಬಿಚ್ಚಿ ನಗಲಿಲ್ಲ.

“ರೀ, ನಾನಿನ್ನೂ ಒಳಗೇ ಇದ್ದೀನಿ” ಎಂದು ಟ್ಯಾಂಕಿನಿಂದ ಕೂಗು ಬಂತು.

ಅವಳ ಕೈಯೆಲ್ಲ ಹೂಳು, ಕ್ಯಾಮೆರಾ ಮುಟ್ಟುವ ಹಾಗಿಲ್ಲ. ಹಾಗಾಗಿ ಗಂಡನೇ ಟ್ಯಾಂಕಿನ ಬಾಯಿಗೆ ಬೋರಲು ಮಲಗಿ, ಎರಡೂ ಕೈ ಇಳಿಬಿಟ್ಟು ಟಕ್ಕೆನಿಸಿದ. ಒಳಗಿನ ಹಬೆಗೆ ಲೆನ್ಸು ಮಂಜಾಯಿತು. ಒರೆಸಿದ. ಮತ್ತೆ ಮಂಜು. ಅಂಗಿಯ ಒಳಭಾಗದಿಂದ ಒರೆಸಿ, ಉಸಿರು ಬಿಗಿಹಿಡಿದು ತೆಗೆದದ್ದು ಕೊನೆಗೂ ಚೆನ್ನಾಗಿ ಬಂತು. ಅತಿ ಚೆನ್ನಾಗಿಯೇ ಬಂತು. ತಳದ ಒಂದೊಂದು ಮರಳಿನ ಕಾಳೂ ಎಣಿಸುವ ಹಾಗಿತ್ತು.

ಮೇಷ್ಟರ ಹೆಂಡತಿ ಪರದೆಗೆ ಮುಖ ಹತ್ತಿರ ತಂದರು. “ಇಲ್ಲಿ ಮೂಲೇಲಿ ಏನೋ ನಗ್ತಾ ಇದೆಯಲ್ಲಪ್ಪಾ?”

ಗಂಡ ಬಟನ್ನು ಒತ್ತಿ ದೊಡ್ಡದು ಮಾಡಿದ. ಹೂಳಿನ ನಡುವೆ ಕಟ್ಟಿಸಿದ ಹಲ್ಲಿನ ಸೆಟ್ಟೊಂದು ಪೂರಾ ಬಾಯಿ ಬಿಟ್ಟು ನಗುತ್ತಿತ್ತು.

“ನಿಮ್ಮ ಹಲ್ಲು ಕೆಲಸದವಳು ಗುಡಿಸಿ ಬಿಸಾಕಿದಾಳೆ ಅಂದ್ರಲ್ಲ! ಆ ಹುಡುಗಿ ಅತ್ಕೊಂಡು ಕೆಲಸ ಬಿಟ್ಟು ಹೋದ್ಲು!” ಹೆಂಡತಿ ಮೇಷ್ಟರ ಕಡೆ ತಿರುಗಿದರು. “ಟ್ಯಾಂಕಿಗೆ ಹೇಗ್ರೀ ಬಂತು?”

ಮೇಷ್ಟರು ಆಕಾಶ ನೋಡಿದರು. ಆದರೆ ಟ್ಯಾಂಕಿನ ಹಿಂದೆ ರಾಶಿ ಬಿದ್ದಿದ್ದ ಸಿಗರೇಟಿನ ತುಂಡುಗಳು ಅವರ ಪರವಾಗಿ ಎಲ್ಲವನ್ನೂ ಹೇಳಿದವು. ಕದ್ದು ಸೇದಿ, ವಾಸನೆ ಬಾರದಿರಲೆಂದು ಟ್ಯಾಂಕಿಗೆ ಬಗ್ಗಿ ನೀರು ಮೊಗೆದು ಬಾಯಿ ಮುಕ್ಕಳಿಸುವಾಗ ಜಾರಿಬಿದ್ದ ಹಲ್ಲು ಅದು.

“ಅಂದ್ರೆ ಇಷ್ಟು ದಿನ ಮನೆಮಂದಿಯೆಲ್ಲ ಕುಡಿದದ್ದು ನಿಮ್ಮ ಹಲ್ಲು ನೆನೆಹಾಕಿದ ನೀರಾ?”

ಮೇಷ್ಟರು, “ಅದನ್ನ ಅಳಿಸಿ, ಮೊದಲು ಅಳಿಸಿ” ಎನ್ನುತ್ತ ಕ್ಯಾಮೆರಾಕ್ಕೆ ಕೈಹಾಕಿದರು. “ಹುಷಾರು ಸಾರ್, ಕೈ ಒರೆಸ್ಕೊಂಡು!” ಎಂದು ಟ್ಯಾಂಕಕ್ಕನ ಗಂಡ ಎಳೆದ. ಅವರೂ ಎಳೆದರು. ಪಟ್ಟಿ ಕಿತ್ತು ಬಂತು. ಕ್ಯಾಮೆರಾ ನೇರ ಟ್ಯಾಂಕಿನ ಬಾಯಿಗೆ. ಒಳಗೆ ಟ್ಯಾಂಕಕ್ಕ ಬ್ರಷ್ಷು ಬಿಸಾಕಿ, ಎರಡೂ ಕೈ ಒಡ್ಡಿ, ಮಗುವನ್ನು ಹಿಡಿದ ಹಾಗೆ ಎದೆಗೆ ಅವುಚಿಕೊಂಡಳು. ಕ್ಯಾಮೆರಾ ಬದುಕಿತು. ಆದರೆ ಹೂಳು ಮೆತ್ತಿದ ಅದರ ಮೈಮೇಲೆ ಯಾವ ಬಟನ್ನು ಎಲ್ಲಿದೆ ಎಂದು ಹುಡುಕಲು ಆಮೇಲೆ ಕಿವಿಕಡ್ಡಿ ಬೇಕಾಯಿತು.

ಮರುದಿನ ಅಂಗಡಿಯವನು ಅದನ್ನು ಮೂಸಿ ನೋಡಿ ಮುಖ ಕಿವಿಚಿದ. “ವಾಪಸ್ ತಗೊಳಲ್ಲ ಮೇಡಂ. ಇದರಲ್ಲಿ ಚರಂಡಿ ವಾಸನೆ ಬರ್ತಿದೆ.”

“ಚರಂಡಿಯಲ್ಲ, ಕುಡಿಯೋ ನೀರು” ಎಂದಳು. “ಅಂದಹಾಗೆ ನಿಮ್ಮ ಅಂಗಡಿ ಮೇಲಿನ ಟ್ಯಾಂಕು ತೊಳೆಸಿ ಎಷ್ಟು ದಿನ ಆಯ್ತು?”

ಅಂಗಡಿಯವನು ಕೈಯಲ್ಲಿದ್ದ ನೀರಿನ ಲೋಟವನ್ನು ಮೆಲ್ಲನೆ ಕೆಳಗಿಟ್ಟ. ಅವರು ಟ್ಯಾಂಕು ತೊಳೆದುಕೊಡುವುದು, ಅವನು ಕ್ಯಾಮೆರಾ ಬದಲಿಸಿಕೊಡುವುದು ಎಂದು ಮಾತಾಯಿತು.

ದೊಡ್ಡದನ್ನು ಬಿಟ್ಟುಕೊಟ್ಟ ದುಃಖದಲ್ಲಿ ಗಂಡ ಎರಡು ಹೊತ್ತು ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ಹೊತ್ತಿಗೆ ಎರಡರ ಬಾಕಿಯನ್ನೂ ತೀರಿಸಿಕೊಂಡ. ಸೋಪಿನ ಡಬ್ಬಿಯಂಥ ಕ್ಯಾಮೆರಾವನ್ನು ಟ್ಯಾಂಕಕ್ಕ ಕೊರಳಿಗೆ ಕಟ್ಟಿಕೊಂಡೇ ಇಳಿಯುತ್ತಿದ್ದಳು. ಸಂಜೆ ಬ್ರಷ್ಷಿನ ಜೊತೆ ಅದನ್ನೂ ನಲ್ಲಿಯ ಕೆಳಗೆ ತೊಳೆಯುತ್ತಿದ್ದಳು. ಅದರ ಫೋಟೊ ಕ್ಷೌರದಂಗಡಿಯ ಮಚ್ಚೆಯಷ್ಟು ಚೆಂದ ಬರುತ್ತಿರಲಿಲ್ಲ ನಿಜ. ಅದು ನೆನಪಾದಾಗ ಅವಳಿಗೂ ಒಳಗೊಳಗೇ ಚುರುಕ್ ಎನ್ನುತ್ತಿತ್ತು. ಆದರೆ ಕೆಸರು ಕೆಸರಾಗಿ, ಗೋಡೆ ಗೋಡೆಯಾಗಿ ಕಾಣುತ್ತಿತ್ತು. ನಿದ್ದೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಒಂದು ಮಧ್ಯಾಹ್ನ ಟ್ಯಾಂಕಿನ ತಳದಲ್ಲಿ ಸುಮ್ಮನೆ ಅಂಗಾತ ಮಲಗಿ, ಮೇಲಕ್ಕೆ ಹಿಡಿದು ಒಂದು ಫೋಟೊ ತೆಗೆದಳು. ಸುತ್ತ ಕಪ್ಪು, ನಡುವೆ ದುಂಡನೆಯ ಆಕಾಶ, ಆಕಾಶದ ಮುಕ್ಕಾಲು ಭಾಗ ಗಂಡನ ಮುಖ. ಮನೆಗೆ ಬಂದು ತೋರಿಸಿದಾಗ ಅವನು ಬಹಳ ಹೊತ್ತು ನೋಡಿದ.

“ನೀನು ದಿನಾ ನೋಡೋದು ಇದನ್ನೇನಾ?”

“ಇದನ್ನೇ.”

“ಮೂಗಿನ ಹೊಳ್ಳೆ ಸಮೇತ?”

“ಹೊಳ್ಳೇನೇ ಮೊದಲು ಕಾಣೋದು. ಇಣುಕ್ತೀರಲ್ಲ, ಅಷ್ಟು ಸಾಕು ಬಿಡಿ” ಎಂದಳು.

ಮರುದಿನ ಅವನು ಮೀಸೆ ಕತ್ತರಿಸಿ, ಮೂಗಿನ ಕೂದಲು ತೆಗೆದು, ಕೆನ್ನೆಗೆ ಪೌಡರು ಹಚ್ಚಿಕೊಂಡು ಕೆಲಸಕ್ಕೆ ಬಂದ. ಅವಳು ಇಳಿದ ಮೇಲೆ ಪಂಪನ್ನೂ ಮರೆತು ಟ್ಯಾಂಕಿನ ಬಾಯಿಗೆ ಬಗ್ಗಿ, ಹಲ್ಲು ಕಿರಿದು ನಿಂತೇಬಿಟ್ಟ.

“ರೀ, ಸ್ವಲ್ಪ ಆ ಕಡೆ ಸರೀರಿ. ಬೆಳಕಿಗೆ ಅಡ್ಡ ನಿಂತಿದ್ದೀರ” ಎಂದಳು ಟ್ಯಾಂಕಕ್ಕ ಒಳಗಿನಿಂದ.